ದಾವೆ ಕಾಗದದ ಬೆನ್ನ ಮೇಲೆ ಉಳಿದ ಭಾಷೆ

ಹಂಗೇರಿಯ ಯಾಸ್‌ಬೆರೇನ್ ಊರಿನ ಮ್ಯೂಸಿಯಂಗೆ ಹೋದವರೆಲ್ಲ ಮೊದಲು ಹುಡುಕುವುದು ಲೆಹೆಲ್‌ನ ಕಹಳೆಯನ್ನು. ಬೈಜಾಂಟಿಯಂ ಕುಸುರಿಯ ದಂತದ ಕಹಳೆ ಅದು. ಮೈತುಂಬ ಕೆತ್ತನೆ, ಅಂಚಿನಲ್ಲೊಂದು ಮುಕ್ಕು. 955ರ ಯುದ್ಧದಲ್ಲಿ ಸೋತು ಸೆರೆಸಿಕ್ಕ ಹಂಗೇರಿಯ ದಳಪತಿ ಲೆಹೆಲ್, ಕೊನೆಯಾಸೆಯೆಂದು ಕಹಳೆ ತರಿಸಿಕೊಂಡು, ಅದರಿಂದಲೇ ಶತ್ರುರಾಜನ ಹಣೆ ಒಡೆದನಂತೆ. ಮುಕ್ಕು ಬಂದದ್ದು ಆಗಲೇ ಅಂತೆ. ಕತೆ ಸೊಗಸಾಗಿದೆ, ನಾನು ನಂಬುವುದಿಲ್ಲ. ಇಲ್ಲಿನ ಯಾಸ್ ಜನ ಈ ನೆಲಕ್ಕೆ ಬಂದದ್ದೇ ಸುಮಾರು ಮುನ್ನೂರು ವರ್ಷ ತಡವಾಗಿ. ಆದರೂ ಕಹಳೆ ಅವರ ಲಾಂಛನವಾಯಿತು. ಊರಿನ ಫ್ರಿಜ್ ಕಾರ್ಖಾನೆಗೂ ಲೆಹೆಲ್‌ನದೇ ಹೆಸರು ಬಂತು.

ನನ್ನನ್ನು ಅಲ್ಲಿಗೆ ಎಳೆದದ್ದು ಅವರ ಸತ್ತ ಭಾಷೆ. ಯಾಸರು ಅಲಾನರ ಒಂದು ಕವಲು, ಇರಾನಿ ನುಡಿಯ ಕುದುರೆ ಸವಾರರು. 13ನೇ ಶತಮಾನದಲ್ಲಿ ಕುಮಾನರೆಂಬ ಇನ್ನೊಂದು ಜನಾಂಗದ ಜೊತೆ ಹಂಗೇರಿಗೆ ಬಂದು, ನಿಧಾನವಾಗಿ ಹಂಗೇರಿಯನ್ ಮಾತಾಡತೊಡಗಿದರು. 1702ರಲ್ಲಿ ಚಕ್ರವರ್ತಿ ಲಿಯೋಪೋಲ್ಡ್ ಅವರ ಸೀಮೆಯನ್ನೇ ಮಾರಿದಾಗ, 1745ರಲ್ಲಿ ಹಣ ಕಟ್ಟಿ ಬಿಡಿಸಿಕೊಂಡರು. ಭಾಷೆ ಹೋಗಿದ್ದರೂ ‘ನಾವು ಯಾಸರು’ ಎಂಬ ಹಟ ಹೋಗಿರಲಿಲ್ಲ. ಈ ಹಟ ನನಗೆ ಬಹಳ ಇಷ್ಟ.

ಭಾಷೆಯದೆಂದು ಉಳಿದದ್ದು 1422ರ ಒಂದು ಹಾಳೆ. ವಿಧವೆಯೊಬ್ಬಳ ದಾವೆಯ ಕಾಗದದ ಹಿಂಬದಿಯಲ್ಲಿ ಯಾರೋ ಸುಮಾರು ನಲವತ್ತು ಪದಗಳನ್ನು ಅರ್ಥಸಹಿತ ಬರೆದಿಟ್ಟಿದ್ದರು. 1957ರಲ್ಲಿ ಅದು ಸಿಕ್ಕಿತು. ವಿದ್ವಾಂಸ ಗ್ಯೂಲಾ ನೇಮೆತ್ ಅದನ್ನು ಓದಿ ಪ್ರಕಟಿಸಿದರು. ಮ್ಯೂಸಿಯಂನಲ್ಲಿ ಕಾಕಸಸ್ ಕಡೆಯ ಒಸ್ಸೆಟ್ ಹೆಂಗಸೊಬ್ಬರು ಸಿಕ್ಕರು; ಅವರಾಡುವ ಒಸ್ಸೆಟಿಕ್ ಅಲಾನರ ನುಡಿಯಿಂದಲೇ ಬಂದದ್ದು. ನಾನು ಬರೆದುಕೊಂಡಿದ್ದ ಪಟ್ಟಿ ತೋರಿಸಿದೆ. ‘ದಬಾನ್ ಹೋರ್ಜ್’ ಎಂಬಲ್ಲಿ ಅವರ ಬೆರಳು ನಿಂತಿತು. “ಇದು ನಾವು ದಿನಾ ಹೇಳೋದೇ! ದ ಬೊನ್ ಖೋರ್ಜ್, ನಿನ್ನ ದಿನ ಚೆನ್ನಾಗಿರಲಿ.” ಪಟ್ಟಿಯ ‘ದಾನ್’ ಅವರ ಬಾಯಲ್ಲಿ ‘ದೊನ್’ ಆಯಿತು, ನೀರು. ನನಗೆ ಮೈ ಜುಮ್ಮೆಂದಿತು.

ಆ ಶುಭಾಶಯಕ್ಕೆ ಇನ್ನೂ ಹಳೆಯ ಸಾಕ್ಷಿಯಿದೆ. 12ನೇ ಶತಮಾನದ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಯೋಹಾನೆಸ್ ಟ್ಜೆಟ್ಜೆಸ್ ಎಂಬ ಗ್ರೀಕ್ ಪಂಡಿತ, ಯಾವ ದೇಶದವರು ಎದುರಾದರೂ ಅವರ ನುಡಿಯಲ್ಲೇ ಮಾತಾಡಿಸುತ್ತೇನೆಂದು ಜಂಬ ಕೊಚ್ಚಿಕೊಂಡಿದ್ದ. ಅಲಾನರಿಗೆಂದು ಅವನು ಗ್ರೀಕ್ ಲಿಪಿಯಲ್ಲಿ ಬರೆದಿಟ್ಟದ್ದೂ ಇದೇ ಶುಭಾಶಯ.

ಹಂಗೇರಿಯ ಪಟ್ಟಿ ಬರೆದವನು ಪಂಡಿತನಲ್ಲ ಎಂದು ನನಗೆ ಬಲವಾಗಿ ಅನಿಸುತ್ತದೆ. ನಮಸ್ಕಾರ, ನೀರು, ಊಟದ ಸಾಮಾನು, ದನಕರು: ಯಾಸರ ಮನೆಯಲ್ಲಿ ಉಳಿದು ಅನ್ನ ಕೇಳಬೇಕಾದವನಿಗೆ ಬೇಕಾಗುವ ಮಾತುಗಳು ಇವು. ಇಷ್ಟರಿಂದಲೇ ಇಡೀ ಭಾಷೆಯನ್ನು ಕಟ್ಟಿ ನಿಲ್ಲಿಸಬಹುದೆಂಬ ಉತ್ಸಾಹವನ್ನು ಮಾತ್ರ ನಾನು ಒಪ್ಪಲಾರೆ. ನೇಮೆತ್‌ಗೆ ಆ ಪದಗಳು ಬಿಡಿಸಿಕೊಂಡದ್ದೇ ಒಸ್ಸೆಟಿಕ್ ಇನ್ನೂ ಬದುಕಿದ್ದರಿಂದ.