ಕೃಷ್ಣೆಗೂ ಒಂದು ಉಬ್ಬರ

ಮಲ್ಪೆಗೆ ಹೋದವರು ಉಬ್ಬರ-ಇಳಿತದ ಹೊತ್ತು ಕೇಳಿಕೊಂಡು ನೀರಿಗಿಳಿಯುತ್ತಾರೆ. ಅಲ್ಲಿ ಲೆಕ್ಕ ಚಂದ್ರನದು. ದಿನಕ್ಕೆರಡು ಸಲ ನೀರು ಏರುತ್ತದೆ, ಇವತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಯಾದಗಿರಿ, ಶಹಾಪುರ, ಸುರಪುರದ ನಮಗೆ ಸಮುದ್ರ ದೂರ. ಆದರೆ ಮುಂಗಾರು ಜೋರಾದರೆ ನಮ್ಮ ಹೊಳೆಯಲ್ಲೂ ಉಬ್ಬರ ಶುರು. ಅದನ್ನು ಏರಿಸಿ ಇಳಿಸುವುದು ನಾರಾಯಣಪುರದ ಬಸವಸಾಗರದ 30 ಗೇಟುಗಳು. "ಹೊಳಿ ಬಂದದ" ಎಂಬ ಸುದ್ದಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ಮುಟ್ಟಿತೆಂದರೆ ಜನ ಗಾಡಿ ಹತ್ತುತ್ತಾರೆ.

ಹೋಗುವುದು ಛಾಯಾ ಭಗವತಿಗೆ. ಸುರಪುರದಿಂದ ಹುಣಸಗಿ ಹಾಯ್ದು ನಾರಾಯಣಪುರ, ಅಲ್ಲಿಂದ ಅಣೆಕಟ್ಟಿನ ಕೆಳಗೆ ಹೊಳೆದಂಡೆಯಲ್ಲೇ ಗುಡಿ. ಬೇಸಿಗೆಯಲ್ಲಿ ಮೆಟ್ಟಿಲಿಳಿದರೆ ಸಿಗುವುದು ಬಂಡೆ ಸಂದಿಯ ಸಣ್ಣ ಹರಿವು. ಗೇಟು ಎತ್ತಿದ ದಿನ ಅದೇ ಮೆಟ್ಟಿಲುಗಳನ್ನು ಕೆಂಪು ನೀರು ಒಂದೊಂದಾಗಿ ನುಂಗುತ್ತ ಬರುತ್ತದೆ. ಪಕ್ಕದವರು ಕೂಗಿದರೂ ಕೇಳಿಸದು. ಇನ್ನೂ ಏರಿದರೆ ಕೃಷ್ಣೆ ದೇವಿಯ ಪಾದ ತೊಳೆದಳೆಂದು ಭಕ್ತರು ದೂರದಿಂದಲೇ ಕೈಮುಗಿಯುತ್ತಾರೆ. ಆಗ ನೋಡಲು ಹೋದವರಿಗೆ ಅಲ್ಲಿ ಕೆಲಸವಿಲ್ಲ.

ಭಾನುವಾರ ರಜೆಯೆಂದು ಹೊರಡುವುದು ತಪ್ಪು ಲೆಕ್ಕ. ನಾನೂ ಹಾಗೆ ಹೋಗಿ, ಒಣಬಂಡೆಯ ಮೇಲೆ ಕೂತು ರೊಟ್ಟಿ, ಶೇಂಗಾಹಿಂಡಿ ತಿಂದು ತಿರುಗಿ ಬಂದಿದ್ದೇನೆ. ಪತ್ರಿಕೆಯಲ್ಲಿ ಜಲಾಶಯಗಳ ಪಟ್ಟಿ ಬರುತ್ತದಲ್ಲ, ಅದನ್ನು ನೋಡಿ. ಎಲ್ಲರೂ ನೀರಿನ ಮಟ್ಟ ಓದುತ್ತಾರೆ. ನೀವು ಹೊರಹರಿವು ಓದಿ. ಬಸವಸಾಗರದ ಗರಿಷ್ಠ ಮಟ್ಟ 492.25 ಮೀಟರ್. ಅಷ್ಟು ತುಂಬಿದ್ದರೂ ಮೇಲಿನ ಆಲಮಟ್ಟಿಯಿಂದ ನೀರು ಬರದಿದ್ದರೆ ಗೇಟು ಮುಚ್ಚಿಯೇ ಇರುತ್ತವೆ. ಹಾಗಾಗಿ ಆಲಮಟ್ಟಿಯ ಸಾಲಿನ ಮೇಲೂ ಕಣ್ಣಿರಲಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. ಒಂದು ಲಕ್ಷ ಕ್ಯೂಸೆಕ್ ಬಿಟ್ಟರೆ, ಬೇಸಿಗೆಯಲ್ಲಿ ಓಣಿಗೆ ಬರುವ 5 ಸಾವಿರ ಲೀಟರಿನ ಟ್ಯಾಂಕರುಗಳು ಸೆಕೆಂಡಿಗೆ 560ಕ್ಕೂ ಹೆಚ್ಚು ನಿಮ್ಮೆದುರು ಹಾದುಹೋದ ಲೆಕ್ಕ. 2019ರ ಆಗಸ್ಟ್‌ನಲ್ಲಿ ಹೊರಹರಿವು 6 ಲಕ್ಷ ಕ್ಯೂಸೆಕ್ ದಾಟಿತ್ತು. ಶಹಾಪುರ-ದೇವದುರ್ಗ ರಸ್ತೆಯ ಕೊಳ್ಳೂರು ಸೇತುವೆ ಆಗ ನೀರೊಳಗಿತ್ತು.

ನಮಗೆ ನೋಟವಾದದ್ದು ದಂಡೆಯವರಿಗೆ ಬದುಕಿನ ಕಷ್ಟ. ಸುರಪುರ ಸೀಮೆಯ ನೀಲಕಂಠರಾಯನಗಡ್ಡಿ ಸುತ್ತಲೂ ಹೊಳೆಯಿರುವ ಊರು. 2013ರ ಪ್ರವಾಹದಲ್ಲಿ ಅಲ್ಲಿನ ತುಂಬುಗರ್ಭಿಣಿಯೊಬ್ಬರು ಒಣಗಿದ ಸೋರೆಬುರುಡೆ ಮೈಗೆ ಕಟ್ಟಿಕೊಂಡು ಈಜಿ ಹೆರಿಗೆಗೆಂದು ದಡ ಸೇರಿದ್ದರು. ಸೆಲ್ಫಿಗೆಂದು ಬಂಡೆಗಿಳಿಯುವವರನ್ನು ಕಂಡಾಗೆಲ್ಲ ನನಗೆ ಆ ಬುರುಡೆಗಳು ನೆನಪಾಗುತ್ತವೆ.

ನೀರು ಬಿಡುವ ಮುನ್ನ ದಂಡೆಯ ಊರುಗಳಲ್ಲಿ ಡಂಗುರ ಸಾರುತ್ತಾರೆ. ಪೇಟೆಯಿಂದ ಬಂದವರಿಗೆ ಅದು ಕೇಳಿರುವುದಿಲ್ಲ. ಗಾಡಿ ನಿಲ್ಲಿಸಿದವರು ಮೆಟ್ಟಿಲಿಳಿಯುವ ಮೊದಲು ಅಲ್ಲಿ ಕುಳಿತ ಹಿರಿಯರನ್ನು ಕೇಳಿ: "ಯಜಮಾನ್ರ, ಇವತ್ತು ನೀರು ಬಿಟ್ಟಾರೇನ್ರಿ?"