ಚಾಕಣದಲ್ಲಿ ಊಟವೆಲ್ಲಿ?

ರಜೆಯಲ್ಲಿ ಮುಂಬಯಿಯಿಂದ ತಳೇಗಾಂವ ಮಾರ್ಗವಾಗಿ ಭೀಮಾಶಂಕರಕ್ಕೆ ಹೊರಡುವ ನಮ್ಮ ವಾಚಕರಿಗೆ ಹಸಿವೆಯಾಗುವುದು ಹೆಚ್ಚಾಗಿ ಚಾಕಣದ ಬಳಿಯಲ್ಲಿ. ಕಣ್ಣು ಕೂಡಲೆ 'ಉಡುಪಿ' ಎಂಬ ಫಲಕವನ್ನರಸುತ್ತದೆ. ಈ ಅಭಿಮಾನವನ್ನು ನಾವು ಹಳಿಯಲಾರೆವು. ಆ ಫಲಕದ ಅನ್ನವನ್ನೇ ನಾವೂ ಅನೇಕ ವರ್ಷ ಉಂಡವರು. ಆದರೆ ಹೋಟೆಲಿನವನ ಗುಟ್ಟೊಂದನ್ನು ಇಂದು ಹೇಳಿಬಿಡುತ್ತೇವೆ. ಹೆದ್ದಾರಿಯ ಗಿರಾಕಿ ಮರಳಿ ಬರುವವನಲ್ಲ. ಬೆಳಗಿನ ಸಾಂಬಾರಿಗೆ ಮಧ್ಯಾಹ್ನ ಬಿಸಿನೀರು ಬೆರೆಸಿ ಪ್ರವಾಸಿಗರಿಗೆ ಬಡಿಸಿದ ದಿನಗಳು ನಮ್ಮ ಲೆಕ್ಕದಲ್ಲಿಯೂ ಇವೆ. ಒಮ್ಮೆ ನಮ್ಮೂರ ಕಡೆಯ ಅಜ್ಜಿಯೊಬ್ಬರು ಒಂದು ತುತ್ತು ಬಾಯಿಗಿಟ್ಟು, ಏನೊಂದನ್ನೂ ಹೇಳದೆ, ಪೂರ್ತಿ ಹಣ ತೆತ್ತು ಎದ್ದುಹೋದರು. ಬೈದಿದ್ದರೆ ಮರೆತೇವು, ಆ ಮೌನವನ್ನು ಮರೆತಿಲ್ಲ.

ಆದುದರಿಂದ, ಊರವರು ದಿನವೂ ಉಣ್ಣುವಲ್ಲಿಗೆ ಹೋಗಿರಿ. ಚಾಕಣವು ಇಂದು ಮೋಟಾರು ಕಾರ್ಖಾನೆಗಳ ಊರು. ಈರುಳ್ಳಿ, ಬಟಾಟೆಗಳ ದೊಡ್ಡ ಪೇಟೆಯೂ ಹೌದು. ಕಾರ್ಮಿಕರೂ ಹಮಾಲರೂ ನಿತ್ಯ ಕೂಡುವ ಖಾನಾವಳಿಯಲ್ಲಿ ಅಡುಗೆ ಕೆಟ್ಟರೆ ಮರುದಿನವೇ ಬೆಂಚು ಬರಿದು. ಹಂಚಿನಿಂದಿಳಿದ ಭಾಕರಿ, ಪಿಠಲೆ, ಗುದ್ದಿ ಒಡೆದ ಈರುಳ್ಳಿ ಇವು ಧಾರವಾಡದವರಿಗೆ ಹೊಸತಲ್ಲ; ಕರಾವಳಿಯವರಿಗೆ ಎರಡನೆಯ ತುತ್ತಿನಲ್ಲಿ ಒಗ್ಗುತ್ತವೆ. ಹಸಿಮೆಣಸಿನ ಠೇಚಾ ಮಾತ್ರ ಮಕ್ಕಳಿಂದ ದೂರವಿರಲಿ. 1660ರಲ್ಲಿ ಫಿರಂಗೋಜಿ ನರಸಾಳಾ ಶಾಯಿಸ್ತೇಖಾನನ ಸೇನೆಯನ್ನು ತಡೆದು ನಿಲ್ಲಿಸಿದ ಸಂಗ್ರಾಮದುರ್ಗವನ್ನು ಉಂಡ ಮೇಲೆ ಅವರಿಗೆ ತೋರಿಸಬಹುದು.

ಇಡ್ಲಿಯೇ ಬೇಕೆಂದು ಹಟ ಹಿಡಿದವರು ನಮ್ಮ ಫಲಕದಡಿಯಲ್ಲೇ ಕುಳ್ಳಿರಲಿ. ಆದರೆ ನೆರೆಯ ಮೇಜಿನಲ್ಲಿ ಊರವರ ಮರಾಠಿ ಕೇಳಿಸುತ್ತಿದೆಯೇ ಎಂದು ಮೊದಲು ಕಿವಿಗೊಡಲಿ.