ಬೀಗದ ಕೈ ಕೈಕೊಟ್ಟಾಗ

ಅಮೆರಿಕ ಸಂಯುಕ್ತ ಸಂಸ್ಥಾನದ ನೆವಾಡಾ ಪ್ರಾಂತದಲ್ಲಿ, ಲಾಸ್ ವೇಗಸ್ ನಗರಕ್ಕೆ ಪಶ್ಚಿಮವಾಗಿ, ರೆಡ್ ರಾಕ್ ಕ್ಯಾನ್ಯನ್ ಎಂಬ ಕಣಿವೆಯೊಂದಿದೆ. ಹೆಸರಿಗೆ ತಕ್ಕಂತೆ ಅಲ್ಲಿ ಎತ್ತ ಕಣ್ಣು ಹಾಯಿಸಿದರೂ ಕೆಂಬಂಡೆಗಳು. 2017ರ ಜನವರಿಯಲ್ಲಿ ಆ ಬಂಡೆಗಳ ಮೇಲೆ ಹಿಮ ಬಿದ್ದಿತ್ತು. ಅದರ ಚಿತ್ರ ತೆಗೆಯಬೇಕೆಂದು ಗೃಹಸ್ಥರೊಬ್ಬರು ಮಡದಿಯನ್ನೂ ಮನೆಯ ನಾಯಿಗಳನ್ನೂ ಕೂರಿಸಿಕೊಂಡು ತಮ್ಮ ಟೆಸ್ಲಾ ಕಾರಿನಲ್ಲಿ ಹೊರಟರು. ದೂರವೇನೂ ಇಲ್ಲ, ಮನೆಯಿಂದ ಆರು ಮೈಲಿಯ ದಾರಿ. ಕಿಸೆಯಲ್ಲಿದ್ದ ಸ್ಮಾರ್ಟ್‌ಫೋನಿನಿಂದಲೇ ಬಾಗಿಲು ತೆರೆದು ಕಾರನ್ನು ಹೊರಡಿಸಿದ್ದರಿಂದ ಬೀಗದ ಕೈ ಮನೆಯಲ್ಲಿಯೇ ಉಳಿದಿತ್ತು.

ಹಿಂದಿರುಗುವ ಮುನ್ನ ನಾಯಿಗಳ ಹಾಸಿಗೆಯನ್ನು ಸರಿಪಡಿಸಲೆಂದು ಒಂದು ಗಳಿಗೆ ಕೆಳಗಿಳಿದರು. ಮತ್ತೆ ಒಳಗೆ ಕುಳಿತರೆ ಕಾರು ಮಿಸುಕದು! ಕಾರು ಕೆಟ್ಟಿರಲಿಲ್ಲ, ಫೋನೂ ಕೆಟ್ಟಿರಲಿಲ್ಲ. ಆ ಕಣಿವೆಯಲ್ಲಿ ಮೊಬೈಲ್ ನೆಟ್‌ವರ್ಕ್ ಇರಲಿಲ್ಲ, ಅಷ್ಟೆ. ಕಡೆಗೆ ಆ ಮಹಿಳೆ ನೆಟ್‌ವರ್ಕ್ ಸಿಗುವ ಜಾಗವನ್ನು ಹುಡುಕಿಕೊಂಡು ಸುಮಾರು ಎರಡು ಮೈಲಿ ಓಡಬೇಕಾಯಿತು. ಅಲ್ಲಿಂದ ಪರಿಚಿತರೊಬ್ಬರನ್ನು ಕರೆಸಿಕೊಂಡು, ಮನೆಗೆ ಹೋಗಿ, ಬೀಗದ ಕೈ ತಂದ ಮೇಲೆಯೇ ಸಂಸಾರ ಕಣಿವೆಯಿಂದ ಹೊರಬಿದ್ದುದು.

ಈ ಪ್ರಸಂಗವನ್ನು ಕೇಳಿ ನಕ್ಕು ಸುಮ್ಮನಾಗಬಹುದು. ಆದರೆ ಯೋಚಿಸಿ ನೋಡಿದರೆ ಇದೊಂದು ಸೋಜಿಗವೇ ಸರಿ. ಫೋನು ಯಜಮಾನರ ಕೈಯಲ್ಲಿ. ಯಜಮಾನರು ಕಾರಿನ ಒಳಗೆ. ಎರಡು ಯಂತ್ರಗಳ ನಡುವೆ ಇದ್ದ ಅಂತರ ಒಂದು ಮೊಳಕ್ಕಿಂತ ಹೆಚ್ಚಿರಲಾರದು. ಆ ಒಂದು ಮೊಳವನ್ನು ದಾಟಲಾರದೆ ಹೋದದ್ದೇಕೆ?

ಅಪ್ಪಣೆ ಹೋಗುವ ದಾರಿ ಹತ್ತಿರದ್ದಾಗಿರಲಿಲ್ಲ ಎಂಬುದೇ ಉತ್ತರ. ಅವರು ಬಳಸಿದ ಏರ್ಪಾಡಿನಲ್ಲಿ ಫೋನು ಕಾರಿನೊಡನೆ ನೇರವಾಗಿ ಮಾತನಾಡುವುದೇ ಇಲ್ಲ. ಬೆರಳು ಒತ್ತಿದೊಡನೆ ಅಪ್ಪಣೆ ಫೋನಿನಿಂದ ಮೊಬೈಲ್ ಗೋಪುರಕ್ಕೆ, ಅಲ್ಲಿಂದ ತಯಾರಕರ ದೊಡ್ಡ ಕಂಪ್ಯೂಟರಿಗೆ ಹೋಗುತ್ತದೆ. ಅದು ಗುರುತನ್ನು ಒಪ್ಪಿದ ಮೇಲೆ ಮತ್ತೊಂದು ಗೋಪುರದ ಮೂಲಕ ಕಾರಿಗೆ ಬಂದು ಮುಟ್ಟುತ್ತದೆ. ಹಿಂದೆ ತಂತಿಯ ಕಾಲದಲ್ಲಿ ಎದುರು ಮನೆಯವರಿಗೆ ಹೇಳಬೇಕಾದ ಮಾತನ್ನು ಯಾರಾದರೂ ದೆಹಲಿಗೆ ತಂತಿ ಕೊಟ್ಟು, ಅಲ್ಲಿಂದ ಮರುತಂತಿಯಲ್ಲಿ ತಿಳಿಸಿದ್ದರೆ ಹೇಗೋ ಹಾಗೆ! ದಾರಿ ಸರಾಗವಾಗಿರುವಾಗ ಇವೆಲ್ಲ ಕೆಲವೇ ಕ್ಷಣಗಳಲ್ಲಿ ನಡೆದುಹೋಗುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲಿಯಾದರೂ ಒಂದು ಕೊಂಡಿ ಕಳಚಿತೆಂದರೆ ಮಾತ್ರ ಆ ಸುತ್ತು ದಾರಿಯ ಉದ್ದ ಅರಿವಿಗೆ ಬರುತ್ತದೆ.

ಕಳಚುವ ಕೊಂಡಿ ಕಣಿವೆಯಲ್ಲಿಯೇ ಇರಬೇಕೆಂಬ ನಿಯಮವೂ ಇಲ್ಲ. 2021ರ ನವೆಂಬರ್ 19ರಂದು ಟೆಸ್ಲಾ ಕಂಪನಿಯ ಕಂಪ್ಯೂಟರುಗಳೇ ತೊಡಕಿಗೆ ಸಿಕ್ಕಿದವು. ದಕ್ಷಿಣ ಕೊರಿಯದ ಸೋಲ್ ನಗರದಲ್ಲಿದ್ದವರೊಬ್ಬರು ಫೋನಿನಲ್ಲಿ ‘500’ ಎಂಬ ದೋಷಸಂಖ್ಯೆ ಕಾಣುತ್ತಿದೆಯೆಂದು ಬಹಿರಂಗವಾಗಿ ದೂರಿತ್ತರು. ಬೇರೆ ಬೇರೆ ದೇಶಗಳಿಂದಲೂ ಅಂತಹುದೇ ದೂರುಗಳು ಬಂದವು. ನಗರದ ನಡುವೆ, ಒಳ್ಳೆಯ ನೆಟ್‌ವರ್ಕಿನಡಿಯಲ್ಲಿ, ಕಾರಿನ ಪಕ್ಕದಲ್ಲಿಯೇ ನಿಂತಿದ್ದವರು ಹೊರಗೆ ಉಳಿದರು. ಕಂಪನಿಯ ಮುಖ್ಯಸ್ಥ ಈಲಾನ್ ಮಸ್ಕ್ ತಪ್ಪನ್ನು ಒಪ್ಪಿಕೊಂಡು ಕ್ಷಮೆ ಕೇಳಿದರು. ಕೆಲವು ಗಂಟೆಗಳಲ್ಲಿ ವ್ಯವಸ್ಥೆ ಸರಿಹೋಯಿತು. ಆದರೆ ಮಗುವನ್ನು ಶಾಲೆಯಿಂದ ಕರೆತರಬೇಕಾದ ತಾಯಿಗೆ, ರೈಲು ಹಿಡಿಯಬೇಕಾದ ಪ್ರಯಾಣಿಕನಿಗೆ ಕೆಲವು ಗಂಟೆಗಳೆಂದರೆ ಸಣ್ಣ ಮಾತೆ?

ನೇರ ಮಾತುಕತೆ

ಹಾಗೆಂದು ‘ಫೋನೆಂಬ ಬೀಗದ ಕೈಯನ್ನು ನೆಚ್ಚಲಾಗದು’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುವುದು ನ್ಯಾಯವಲ್ಲ. ಜನ ‘ಫೋನಿನ ಕೀ’ ಎಂದು ಕರೆಯುವುದು ಒಂದೇ ವಸ್ತುವನ್ನಲ್ಲ. ಕನಿಷ್ಠ ಮೂರು ಬೇರೆ ಬೇರೆ ಏರ್ಪಾಡುಗಳು ಆ ಒಂದು ಹೆಸರಿನಲ್ಲಿ ಓಡಾಡುತ್ತವೆ. ಸುತ್ತು ದಾರಿಯದು ಮೊದಲನೆಯದು. ಎರಡನೆಯದರಲ್ಲಿ ಫೋನೂ ಕಾರೂ ಬ್ಲೂಟೂತ್ ಎಂಬ ಕಿರುದೂರದ ರೇಡಿಯೋ ಅಲೆಗಳ ಮೂಲಕ ತಾವುತಾವೇ ಮಾತನಾಡಿಕೊಳ್ಳುತ್ತವೆ. ಇದಕ್ಕೆ ಗೋಪುರವೂ ಬೇಡ, ದೂರದ ಕಂಪ್ಯೂಟರೂ ಬೇಡ. ಕಾಡಿನ ನಡುವೆಯೂ ನಡೆಯುತ್ತದೆ. 2017ರ ಜುಲೈಯಲ್ಲಿ ಗಿರಾಕಿಗಳ ಕೈಸೇರತೊಡಗಿದ ಟೆಸ್ಲಾದ ‘ಮಾಡೆಲ್ 3’ ಕಾರು ಈ ಬಗೆಯದು. ಅದಕ್ಕೆ ಸಾಮಾನ್ಯ ಬೀಗದ ಕೈಯೇ ಇಲ್ಲ. ಕಿಸೆಯಲ್ಲಿ ಫೋನು ಇಟ್ಟುಕೊಂಡು ಹತ್ತಿರ ಹೋದರೆ ಬಾಗಿಲು ತೆರೆಯಲು ಸಿದ್ಧ. ದೂರ ನಡೆದರೆ ತಾನಾಗಿ ಬೀಗ ಬೀಳುತ್ತದೆ. 2021ರ ಆ ನವೆಂಬರ್ ದಿನವೂ ಈ ನೇರ ದಾರಿ ಹಿಡಿದವರಿಗೆ ಕಂಪನಿಯ ಕಂಪ್ಯೂಟರಿನ ಹಂಗು ಬೇಕಿರಲಿಲ್ಲ.

ಈ ಏರ್ಪಾಡು ಪೂರ್ತಿಯಾಗಿ ಕೆಡುವುದು ಅಪರೂಪ; ಆದರೆ ಆಗಾಗ ಮುನಿಸಿಕೊಳ್ಳುತ್ತದೆ. ಹತ್ತು ಸಲ ಚಕ್ಕನೆ ತೆರೆದ ಬಾಗಿಲು ಹನ್ನೊಂದನೆಯ ಸಲ, ಅದೂ ಎರಡು ಕೈಯಲ್ಲಿಯೂ ತರಕಾರಿ ಚೀಲವಿರುವಾಗ, ಸುಮ್ಮನೆ ನಿಂತುಬಿಡುತ್ತದೆ. ಇದಕ್ಕೆ ಕಾರಣ ಅನೇಕ ವೇಳೆ ಕಾರಿನಲ್ಲಿಲ್ಲ, ಫೋನಿನ ಜಿಪುಣತನದಲ್ಲಿದೆ. ಬ್ಯಾಟರಿಯನ್ನು ಉಳಿಸಬೇಕೆಂದು ಫೋನು ತೆರೆಮರೆಯಲ್ಲಿ ನಡೆಯುತ್ತಿರುವ ಕಾರ್ಯಕ್ರಮಗಳನ್ನು ಒಂದೊಂದಾಗಿ ಮಲಗಿಸುತ್ತದೆ. ಬೀಗದ ಕೈಯ ಕೆಲಸ ಮಾಡುವ ಕಾರ್ಯಕ್ರಮವೂ ಕೆಲವೊಮ್ಮೆ ಅವುಗಳೊಡನೆ ನಿದ್ದೆ ಹೋಗುತ್ತದೆ. ಯಜಮಾನರು ಫೋನನ್ನು ಹೊರತೆಗೆದು ಆ ಕಾರ್ಯಕ್ರಮವನ್ನು ತೆರೆದೊಡನೆ ಬೀಗ ಸಡಿಲುತ್ತದೆ. ‘ಅಯ್ಯೋ, ಈಗ ಸರಿಹೋಯಿತಲ್ಲ!’ ಎಂದು ಅವರು ಬೆರಗಾಗುತ್ತಾರೆ. ಮತ್ತೆ ಕೆಲವರ ಮನೆಯಲ್ಲಿ ಮಕ್ಕಳು ಆಟದ ನಡುವೆ ಬ್ಲೂಟೂತನ್ನು ಆರಿಸಿರುತ್ತಾರೆ. ಇನ್ನೊಂದು ಕಾರಣವನ್ನು ಹೇಳಿದರೆ ಹಲವರು ನಂಬಲಿಕ್ಕಿಲ್ಲ: ಮನುಷ್ಯನ ದೇಹ! ಬ್ಲೂಟೂತ್ ನಡೆಯುವುದು 2.4 ಗಿಗಾಹರ್ಟ್ಸ್ ಆವರ್ತದ ಅಲೆಗಳಲ್ಲಿ. ಬಹುಪಾಲು ನೀರಿನಿಂದಲೇ ಆದ ನಮ್ಮ ಶರೀರ ಆ ಅಲೆಗಳನ್ನು ಬಹಳಮಟ್ಟಿಗೆ ಹೀರಿಕೊಳ್ಳುತ್ತದೆ. ಫೋನು ಷರಾಯಿಯ ಹಿಂಗಿಸೆಯಲ್ಲಿದ್ದು ಯಜಮಾನರು ಕಾರಿಗೆ ಮುಖಮಾಡಿ ನಿಂತರೆ, ಅವರ ಮೈಯೇ ಫೋನಿಗೂ ಕಾರಿಗೂ ನಡುವೆ ಗೋಡೆಯಾಗುತ್ತದೆ.

ಇನ್ನು ಮೂರನೆಯದು, ತಾಕಿಸುವ ವಿಧಾನ. ಅಂಗಡಿಯಲ್ಲಿ ಬ್ಯಾಂಕಿನ ಕಾರ್ಡನ್ನು ಯಂತ್ರಕ್ಕೆ ತಾಕಿಸಿ ಹಣ ಕೊಡುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ, ಎನ್.ಎಫ್.ಸಿ. ಎಂಬ ಅದೇ ವಿದ್ಯೆ. ಫೋನನ್ನು ಬಾಗಿಲಿನ ಹಿಡಿಗೆ ಒಂದೆರಡು ಅಂಗುಲದಷ್ಟು ಹತ್ತಿರ ಒಡ್ಡಬೇಕು. ಕಿಸೆಯಿಂದ ತೆಗೆಯುವ ಶ್ರಮ ತಪ್ಪುವುದಿಲ್ಲವಾದ್ದರಿಂದ ಜಾಹೀರಾತಿನವರಿಗೆ ಇದರ ಮೇಲೆ ಅಷ್ಟು ಮೋಹವಿಲ್ಲ. ಆದರೆ ನೆಚ್ಚಿಕೆಯ ದೃಷ್ಟಿಯಿಂದ ಮೂರರಲ್ಲಿ ಇದೇ ಮೇಲು. 2020ರಲ್ಲಿ ಆಪಲ್ ಕಂಪನಿ ಬಿ.ಎಂ.ಡಬ್ಲ್ಯು. ಕಾರುಗಳಿಗಾಗಿ ಮೊದಲು ಈ ಬಗೆಯ ಕೀಲಿಯನ್ನು ಹೊರತಂದಾಗ ಒಂದು ಒಳ್ಳೆಯ ಏರ್ಪಾಡು ಮಾಡಿತು: ಕೆಲವು ಮಾದರಿಯ ಫೋನುಗಳಲ್ಲಿ ಬ್ಯಾಟರಿ ಮುಗಿದು ಪರದೆ ಕಪ್ಪಾದ ಮೇಲೂ ಸುಮಾರು ಐದು ಗಂಟೆಗಳವರೆಗೆ ಬೀಗ ತೆರೆಯುವಷ್ಟು ಶಕ್ತಿ ಒಳಗೆ ಕಾದಿರುತ್ತದೆ. ‘ಫೋನು ಸತ್ತರೆ ಗತಿಯೇನು?’ ಎಂಬುದು ಎಲ್ಲರೂ ಕೇಳುವ ಮೊದಲ ಪ್ರಶ್ನೆ. ಅದಕ್ಕೆ ಇಷ್ಟಾದರೂ ಸಮಾಧಾನ ಸಿಕ್ಕಿತು.

ಕಳ್ಳರ ಜಾಣತನ

ನೆಚ್ಚಿಕೆಯೆಂದರೆ ಬೇಕಾದಾಗ ತೆರೆಯುವುದು ಮಾತ್ರವಲ್ಲ, ಬೇಡದವರಿಗೆ ತೆರೆಯದಿರುವುದೂ ಹೌದಷ್ಟೆ? ಈ ವಿಷಯದಲ್ಲಿ ಫೋನಿಗಿಂತ ಮೊದಲೇ ಬಂದ ‘ಗುಂಡಿಯ ಕೀ’ ಸಹ ಸಾಚಾ ಅಲ್ಲ. 2017ರಲ್ಲಿ ಇಂಗ್ಲೆಂಡಿನ ವೆಸ್ಟ್ ಮಿಡ್ಲೆಂಡ್ಸ್ ಪೊಲೀಸರು ಒಂದು ಚಲಚ್ಚಿತ್ರವನ್ನು ಪ್ರಕಟಿಸಿದರು. ಸೋಲಿಹಲ್ ಎಂಬ ಊರಿನಲ್ಲಿ, ರಾತ್ರಿಯ ವೇಳೆ, ಕಳ್ಳರಿಬ್ಬರು ಒಂದೊಂದು ಪೆಟ್ಟಿಗೆ ಹಿಡಿದು ಬರುತ್ತಾರೆ. ಒಬ್ಬ ಮನೆಯ ಗೋಡೆಯ ಬಳಿ, ಇನ್ನೊಬ್ಬ ಕಾರಿನ ಬಳಿ. ಮನೆಯೊಳಗಿರುವ ಕೀಲಿಯ ಅಲೆಯನ್ನು ಮೊದಲನೆಯವನು ಹಿಡಿದು ಎರಡನೆಯವನ ಪೆಟ್ಟಿಗೆಗೆ ದಾಟಿಸುತ್ತಾನೆ. ಯಜಮಾನನೇ ಬಂದನೆಂದು ಕಾರು ಮೋಸಹೋಗುತ್ತದೆ. ಒಂದು ನಿಮಿಷ ತುಂಬುವುದರೊಳಗೆ ಮರ್ಸಿಡಿಸ್ ಕಾರು ಮಾಯ!

ಇದೇ ಉಪಾಯ ಫೋನಿನ ಬ್ಲೂಟೂತ್ ಮೇಲೂ ನಡೆಯುತ್ತದೆಯೆಂದು 2022ರ ಮೇ ತಿಂಗಳಲ್ಲಿ ಎನ್.ಸಿ.ಸಿ. ಗ್ರೂಪ್ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು ತೋರಿಸಿಕೊಟ್ಟರು. ಅವರ ಪ್ರಯೋಗದಲ್ಲಿ ಫೋನು ಮನೆಯ ಮೇಲಂತಸ್ತಿನಲ್ಲಿ, ಕಾರಿನಿಂದ ಸುಮಾರು 25 ಮೀಟರು ದೂರದಲ್ಲಿತ್ತು. ಆದರೂ ನಡುವೆ ಇಟ್ಟ ಉಪಕರಣಗಳ ಸಹಾಯದಿಂದ ‘ಮಾಡೆಲ್ 3’ ಕಾರಿನ ಬಾಗಿಲು ತೆರೆಯಿತು. ಫೋನು ಹತ್ತಿರದಲ್ಲಿದೆಯೆ ದೂರದಲ್ಲಿದೆಯೆ ಎಂಬುದನ್ನು ಬ್ಲೂಟೂತ್ ಅಲೆಯ ಬಲದಿಂದ ಊಹಿಸುವುದೇ ಇಲ್ಲಿನ ದೌರ್ಬಲ್ಯ. ದನಿ ಜೋರಾಗಿ ಕೇಳಿತೆಂದ ಮಾತ್ರಕ್ಕೆ ಕೂಗಿದವನು ಹತ್ತಿರದಲ್ಲಿರಬೇಕೆಂದೇನೂ ಇಲ್ಲ, ಧ್ವನಿವರ್ಧಕವಿದ್ದರೆ ಸಾಕು.

ಇದಕ್ಕೆ ಕಂಡುಕೊಂಡ ಮದ್ದು ಸ್ವಾರಸ್ಯವಾಗಿದೆ. ಮಿಂಚಿಗೂ ಗುಡುಗಿಗೂ ನಡುವಣ ಹೊತ್ತನ್ನು ಎಣಿಸಿ ಸಿಡಿಲು ಎಷ್ಟು ದೂರ ಬಿದ್ದಿತೆಂದು ಹಳ್ಳಿಯ ಮಕ್ಕಳೂ ಲೆಕ್ಕ ಹಾಕುತ್ತಾರಲ್ಲವೆ? ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ಹೊಸ ರೇಡಿಯೋ ಏರ್ಪಾಡು ಮಾಡುವುದೂ ಹಾಗೆಯೇ. ಕಾರು ಕೇಳಿದ ಪ್ರಶ್ನೆಗೆ ಫೋನಿನಿಂದ ಉತ್ತರ ಬರಲು ಹಿಡಿದ ಕಾಲವನ್ನು ಅದು ಅಳೆಯುತ್ತದೆ. ರೇಡಿಯೋ ಅಲೆ ಬೆಳಕಿನ ವೇಗದಲ್ಲಿ ಓಡುವುದರಿಂದ, ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ ಕ್ರಮಿಸುವ ದೂರ ಸುಮಾರು 30 ಸೆಂಟಿಮೀಟರು, ಎಂದರೆ ಒಂದು ಅಡಿ. ಕಳ್ಳನ ಪೆಟ್ಟಿಗೆ ಅಲೆಯ ಬಲವನ್ನು ಹೆಚ್ಚಿಸಬಲ್ಲುದು. ಬೆಳಕಿಗಿಂತ ಬೇಗ ಓಡಿಸಲಾರದು. ಕಾರು ತಯಾರಕರೂ ಫೋನು ತಯಾರಕರೂ ಕೂಡಿ ಕಟ್ಟಿಕೊಂಡಿರುವ ಕಾರ್ ಕನೆಕ್ಟಿವಿಟಿ ಕನ್ಸಾರ್ಟಿಯಂ 2021ರಲ್ಲಿ ಹೊರಡಿಸಿದ ಮೂರನೆಯ ನಿಯಮಾವಳಿಯಲ್ಲಿ ಈ ವಿಧಾನವನ್ನು ಸೇರಿಸಿತು.

ಮನೆಯ ಲೆಕ್ಕಾಚಾರ

ನಮ್ಮ ದೇಶಕ್ಕೂ ಈ ಕೀಲಿ ಬಂದಿದೆ. 2024ರ ಸೆಪ್ಟೆಂಬರಿನಲ್ಲಿ ಹುಂಡೈ ಕಂಪನಿ ಹೊಸ ರೂಪದಲ್ಲಿ ತಂದ ಆಲ್ಕಜಾರ್ ಕಾರಿನ ಮೇಲ್ದರ್ಜೆಯ ಮಾದರಿಗಳಲ್ಲಿ ಫೋನನ್ನು ಬಾಗಿಲಿನ ಹಿಡಿಗೆ ತಾಕಿಸಿದರೆ ಬೀಗ ತೆರೆಯುತ್ತದೆ. ಒಳಗೆ ಚಾರ್ಜು ಮಾಡುವ ಹಾಸಿನ ಮೇಲೆ ಫೋನನ್ನಿಟ್ಟು ಗುಂಡಿ ಒತ್ತಿದರೆ ಯಂತ್ರ ಹೊರಡುತ್ತದೆ. ತಾಕಿಸುವ ವಿಧಾನವೇ ಆದ್ದರಿಂದ ಆಗುಂಬೆಯ ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಅದು ನಡೆಯಬಲ್ಲುದು. ಕಾರು ಕೊಳ್ಳಲು ಹೋದವರು ಬಣ್ಣವನ್ನೂ ಮೈಲೇಜನ್ನೂ ವಿಚಾರಿಸುವಾಗಲೇ ಈ ಒಂದು ಪ್ರಶ್ನೆಯನ್ನು ಕೇಳುವುದು ಒಳಿತು: ‘ನೆಟ್‌ವರ್ಕ್ ಇಲ್ಲದ ಕಡೆ ನಿಮ್ಮ ಫೋನಿನ ಕೀ ಬಾಗಿಲು ತೆರೆದೀತೆ, ಯಂತ್ರವನ್ನು ಹೊರಡಿಸೀತೆ?’ ಬಾಗಿಲು ತೆರೆಯುವುದು ಬೇರೆ, ಹೊರಡಿಸುವುದು ಬೇರೆ ಎಂಬುದನ್ನು ಮರೆಯಬಾರದು. ಮಾರಾಟಗಾರರು ಮಾತಿನಲ್ಲಿ ಒಪ್ಪಿಕೊಂಡರೆ ಸಾಲದು. ಫೋನನ್ನು ‘ವಿಮಾನದ ಸ್ಥಿತಿ’ಗೆ ಹಾಕಿ, ಬ್ಲೂಟೂತನ್ನೂ ಎನ್.ಎಫ್.ಸಿ.ಯನ್ನೂ ಮಾತ್ರ ಬಿಟ್ಟು, ಅಲ್ಲಿಯೇ ತೋರಿಸುವಂತೆ ಕೇಳಬಹುದು.

ಸಂಸಾರಸ್ಥರಿಗೆ ಈ ಕೀಲಿಯಿಂದ ಉಂಟಾಗುವ ಅನುಕೂಲವೂ ಸಾಮಾನ್ಯವಾದುದಲ್ಲ. ಬೀಗದ ಕೈಯನ್ನು ತುಳಸಿಕಟ್ಟೆಯ ಸಂದಿನಲ್ಲಿ ಬಚ್ಚಿಟ್ಟು ‘ಅಲ್ಲಿದೆ, ತೆಗೆದುಕೊ’ ಎಂದು ಹೇಳುವ ಪದ್ಧತಿ ಇನ್ನು ಬೇಕಿಲ್ಲ. ಯಜಮಾನರು ಪರವೂರಿನಲ್ಲಿದ್ದುಕೊಂಡೇ ಮಡದಿಯ ಫೋನಿಗೋ ಮಗನ ಫೋನಿಗೋ ಕೀಲಿಯನ್ನು ಕಳುಹಿಸಬಹುದು. ಕೆಲಸ ಮುಗಿದ ಮೇಲೆ ಹಿಂದಕ್ಕೆ ಪಡೆಯಬಹುದು. ಲೋಹದ ಕೀಲಿಗೆ ನಕಲು ಮಾಡಿಸಿಕೊಂಡವನಿಂದ ಅದನ್ನು ಹಿಂದಕ್ಕೆ ಪಡೆದದ್ದುಂಟೆ? ಫೋನು ಕಳೆದರೆ ದೂರದಿಂದಲೇ ಕೀಲಿಯನ್ನು ರದ್ದುಮಾಡಬಹುದು. ಬಿ.ಎಂ.ಡಬ್ಲ್ಯು. ಕಾರುಗಳಲ್ಲಂತೂ ಹದಿಹರೆಯದ ಮಗನಿಗೆ ಕೊಟ್ಟ ಕೀಲಿಗೆ ವೇಗದ ಮಿತಿಯನ್ನೂ ರೇಡಿಯೋ ಎಷ್ಟು ಜೋರಾಗಿ ಹಾಡಬೇಕೆಂಬ ಮಿತಿಯನ್ನೂ ಹಾಕುವ ಏರ್ಪಾಡು ಇದೆ! ತಂದೆತಾಯಿಗಳು ಇದನ್ನು ಮೆಚ್ಚಿಯಾರು. ಮಕ್ಕಳ ಮಾತು ಬೇರೆ.

ಇಷ್ಟಾದರೂ ಯಾವ ಫೋನೂ ಬಗೆಹರಿಸಲಾರದ ಒಂದು ತೊಡಕಿದೆ: ಕಾರಿನದೇ 12 ವೋಲ್ಟಿನ ಬ್ಯಾಟರಿ ಬರಿದಾದರೆ ಕೇಳಿಸಿಕೊಳ್ಳಲು ಆ ಬದಿಯಲ್ಲಿ ಯಾರೂ ಇರುವುದಿಲ್ಲ. ಬಹುತೇಕ ಕಾರುಗಳ ಗುಂಡಿಯ ಕೀಲಿಯಲ್ಲಿ ಇಂತಹ ಸಮಯಕ್ಕೆಂದೇ ಲೋಹದ ಪುಟ್ಟ ಕೀಲಿಯೊಂದು ಅಡಗಿರುತ್ತದೆ. ತಿಂಗಳುಗಟ್ಟಲೆ ಕಾರನ್ನು ನಿಲ್ಲಿಸಿ ಊರಿಗೆ ಹೋಗುವವರು ಅದು ಎಲ್ಲಿದೆಯೆಂದು ಒಮ್ಮೆ ನೋಡಿಟ್ಟುಕೊಳ್ಳಬೇಕು. ಬೀಗದ ಕಿಂಡಿಯೇ ಇಲ್ಲದ ‘ಮಾಡೆಲ್ 3’ರಲ್ಲಿ ಮುಂಭಾಗದ ಒಂದು ಪುಟ್ಟ ಮುಚ್ಚಳವನ್ನು ಕಿತ್ತರೆ ಎರಡು ತಂತಿಗಳು ಕಾಣುತ್ತವೆ. ಅವುಗಳಿಗೆ ಹೊರಗಿನಿಂದ ವಿದ್ಯುತ್ ಕೊಟ್ಟರೆ ಮುಂದಿನ ಮುಚ್ಚಳ ತೆರೆದುಕೊಂಡು ಒಳಗಿನ ಬ್ಯಾಟರಿ ಕೈಗೆ ಸಿಗುತ್ತದೆ.

ಲೋಹದ ಕೈಯನ್ನೇ ಕೈಬಿಟ್ಟ ಆ ಕಾರಿನೊಡನೆ ತಯಾರಕರು ಕಿಸೆಯ ಚೀಲದಲ್ಲಿ ಹಿಡಿಸುವ ಎರಡು ಪ್ಲಾಸ್ಟಿಕ್ ಕಾರ್ಡುಗಳನ್ನೂ ಕೊಟ್ಟರು. ಬಾಗಿಲುಗಳ ನಡುವಣ ಕಂಬಕ್ಕೆ ಅದನ್ನು ತಾಕಿಸಿದರೆ ಸಾಕು. ಫೋನು ಬೇಡ, ನೆಟ್‌ವರ್ಕ್ ಬೇಡ, ಕಾರ್ಡಿಗೆ ಬ್ಯಾಟರಿಯೂ ಬೇಡ. ಫೋನು ಕಳೆದುಹೋಗಬಹುದು, ಕಳುವಾಗಬಹುದು, ಅದರ ಬ್ಯಾಟರಿ ಮುಗಿಯಬಹುದು, ಆದ್ದರಿಂದ ಕಾರ್ಡನ್ನು ಯಾವಾಗಲೂ ಬಳಿಯಲ್ಲಿಟ್ಟುಕೊಂಡಿರಬೇಕೆಂದು ಕಾರಿನ ಕೈಪಿಡಿಯಲ್ಲಿ ಅವರೇ ಬರೆದಿದ್ದಾರೆ.